ವೃದ್ಧಾಶ್ರಮದಲ್ಲಿ ಮಾತ್ರೆಗಳ ಪಟ್ಟಿ ಯಾರ ಕೈಯಲ್ಲಿದೆ?

ವೃತ್ತಿಯಿಂದ ಫಾರ್ಮಸಿಸ್ಟ್ ಆದ ನಾನು ಮೈಸೂರಿನ ಒಂದು ವೃದ್ಧಾಶ್ರಮಕ್ಕೆ ಹೋಗಿ, ಅಲ್ಲಿರುವ ಹಿರಿಯರ ಔಷಧಿಗಳನ್ನು ನೋಡಿ ಬರುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ತಂದೆಯನ್ನೋ ತಾಯಿಯನ್ನೋ ಅಲ್ಲಿಗೆ ಸೇರಿಸಲು ಬರುವ ಮಕ್ಕಳು ಕೋಣೆಯ ಬಗ್ಗೆ, ಊಟದ ಬಗ್ಗೆ, ಬಿಸಿನೀರಿನ ಬಗ್ಗೆ, ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎಂಬುದರ ಬಗ್ಗೆ ವಿವರವಾಗಿ ವಿಚಾರಿಸುತ್ತಾರೆ. ಔಷಧಿಯ ವಿಷಯಕ್ಕೆ ಬಂದಾಗ ಮಾತ್ರ, 'ಟೈಮಿಗೆ ಸರಿಯಾಗಿ ಕೊಡ್ತೀರಿ ತಾನೆ?' ಎಂದು ಕೇಳಿ ಸುಮ್ಮನಾಗುತ್ತಾರೆ. ಗಡಿಯಾರ ನೋಡಿ ಮಾತ್ರೆ ಕೊಡುವುದು ಅಷ್ಟೇನೂ ಕಷ್ಟವಲ್ಲ. ಯಾವ ಮಾತ್ರೆ ಕೊಡಬೇಕು ಎಂಬ ಪಟ್ಟಿ ಸರಿಯಾಗಿದೆಯೇ, ಅದನ್ನು ತಲೆಯಿಂದ ಬುಡದವರೆಗೆ ಕೊನೆಯ ಸಲ ಓದಿದವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ನಾನು ಕಂಡ ಅವಾಂತರಗಳಲ್ಲಿ ಹೆಚ್ಚಿನವು ಅಲ್ಲಿಯೇ ಹುಟ್ಟಿದವು.

ಎಪ್ಪತ್ತೈದು ದಾಟಿದವರಿಗೆ ಶುಗರ್ ನೋಡುವ ವೈದ್ಯರೊಬ್ಬರು, ಹೃದಯ ನೋಡುವವರು ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು ಇರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಬರೆಯುತ್ತಾರೆ. ಎಲ್ಲ ಚೀಟಿಗಳೂ ಒಂದೇ ಪ್ಲಾಸ್ಟಿಕ್ ಕವರಿನೊಳಗೆ ಸೇರುತ್ತವೆ, ಆದರೆ ಒಂದರೊಡನೆ ಒಂದನ್ನು ಇಟ್ಟು ನೋಡುವವರು ಯಾರೂ ಇರುವುದಿಲ್ಲ. ನಮ್ಮಲ್ಲಿ ಒಂದೇ ಔಷಧಿ ಹತ್ತಾರು ಬ್ರಾಂಡ್ ಹೆಸರುಗಳಲ್ಲಿ, ಜೊತೆಗೆ ಎರಡು ಮೂರು ಔಷಧಿಗಳ ಮಿಶ್ರಣವಾಗಿಯೂ ಸಿಗುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಇಕೋಸ್ಪ್ರಿನ್ ಎವಿ ಎಂಬ ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್ ಜೊತೆಗೆ ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಕೂಡ ಇರುತ್ತದೆ. ಅದು ಗೊತ್ತಿಲ್ಲದೆ ಅಟೋರ್ವಾಸ್ಟಾಟಿನ್ ಮಾತ್ರೆಯನ್ನು ಬೇರೆಯಾಗಿಯೂ ಕೊಡುತ್ತಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಡೋಲೋ ಕೊಟ್ಟ ಮೇಲೆ ನೆಗಡಿಯ ಮಾತ್ರೆ ಕೊಟ್ಟರೆ ಅದರಲ್ಲಿಯೂ ಬಹುತೇಕ ಪ್ಯಾರಾಸಿಟಮಾಲ್ ಇರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಬ್ರಾಂಡ್ ಹೆಸರಿನ ಪಕ್ಕದಲ್ಲಿ ಒಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತೊಂದರೆಗೆ, ಯಾವ ದಿನದಿಂದ ಎಂಬುದನ್ನು ಬರೆಯಲೇಬೇಕೆಂದು ನಾನು ಹಟ ಹಿಡಿಯುತ್ತೇನೆ. 'ಯಾವ ತೊಂದರೆಗೆ' ಎಂಬ ಕಲಮನ್ನು ತುಂಬಲು ಕುಳಿತಾಗಲೇ ಎಷ್ಟೋ ಮಾತ್ರೆಗಳಿಗೆ ಈಗ ಕಾರಣವೇ ಉಳಿದಿಲ್ಲ ಎಂಬುದು ಬೆಳಕಿಗೆ ಬರುತ್ತದೆ.

ಪಟ್ಟಿ ಅತಿ ಹೆಚ್ಚು ಕೆಡುವುದು ಆಸ್ಪತ್ರೆಯಿಂದ ಮರಳಿದ ದಿನ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೊಸ ಔಷಧಿಗಳಿರುತ್ತವೆ. ಹಳೆಯವನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬ ಮಾತು ಹಲವು ಸಲ ಇರುವುದೇ ಇಲ್ಲ. ಸಂಜೆ ಪಾಳಿಯ ಸಿಸ್ಟರ್ ಎರಡನ್ನೂ ಕೊಡುತ್ತಾರೆ, ಇಲ್ಲವೇ ಹಳೆಯದನ್ನೆಲ್ಲ ನಿಲ್ಲಿಸಿಬಿಡುತ್ತಾರೆ. ವರ್ಷಗಟ್ಟಲೆ ತೆಗೆದುಕೊಂಡ ಮೆಟೊಪ್ರೊಲಾಲ್ (ಬಿಪಿ, ಹೃದಯದ ಮಾತ್ರೆ), ಅಲ್ಪ್ರಜೋಲಾಮ್ (ಆತಂಕಕ್ಕೆ, ನಿದ್ದೆಗೆ ಕೊಡುವ ಮಾತ್ರೆ) ಅಥವಾ ಸ್ಟೆರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರವಾದ್ದರಿಂದ ಈ ಎರಡನೆಯ ತಪ್ಪನ್ನು ಸಣ್ಣದೆಂದು ತಿಳಿಯಬಾರದು. ಅದೇ ದಿನ ಹಳೆಯ ಸ್ಟ್ರಿಪ್‌ಗಳನ್ನೂ ಹೊಸ ಚೀಟಿಯನ್ನೂ ಒಂದೇ ಮೇಜಿನ ಮೇಲೆ ಹರಡಿ, ಒಂದೊಂದರ ಬಗ್ಗೆಯೂ ವೈದ್ಯರಿಗೆ ಫೋನ್ ಮಾಡಿ ಕೇಳಿ, ಹಳೆಯ ಪಟ್ಟಿಗೆ ಅಡ್ಡಗೆರೆ ಎಳೆದು ಹೊಸದನ್ನು ಬರೆಯುವುದೊಂದೇ ನನಗೆ ತಿಳಿದ ದಾರಿ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಡಬ್ಬಗಳದು ಇನ್ನೊಂದು ಕಥೆ. ಅಕ್ಕರೆಯಿಂದ ತಂದ ಟೈಲೆನಾಲ್ ಪಿಎಂ ಅಮ್ಮನ ದಿಂಬಿನ ಪಕ್ಕದಲ್ಲಿರುತ್ತದೆ. ಅದರಲ್ಲಿರುವುದು ಪ್ಯಾರಾಸಿಟಮಾಲ್ ಮತ್ತು ನಿದ್ದೆ ಬರಿಸುವ ಡೈಫೆನ್‌ಹೈಡ್ರಮಿನ್. ಈ ಎರಡನೆಯದು ವಯಸ್ಸಾದವರಿಗೆ ಸಾಧ್ಯವಾದಷ್ಟೂ ಬೇಡವೆಂದು ಅಮೆರಿಕದ ವೈದ್ಯರೇ ಪಟ್ಟಿ ಮಾಡಿರುವ ಔಷಧಿ. ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಅವರ ಸಹೋದ್ಯೋಗಿಗಳು 1991ರಲ್ಲಿ ನರ್ಸಿಂಗ್ ಹೋಮ್‌ಗಳಲ್ಲಿರುವ ಹಿರಿಯರಿಗೆಂದೇ ಮೊದಲು ರೂಪಿಸಿದ, ಈಗ ಅಮೆರಿಕನ್ ಜೆರಿಯಾಟ್ರಿಕ್ಸ್ ಸೊಸೈಟಿ ಆಗಾಗ ಪರಿಷ್ಕರಿಸುವ ಆ ಪಟ್ಟಿಯ ಇತ್ತೀಚಿನ ಆವೃತ್ತಿಗಳಲ್ಲೊಂದು 2023ರಲ್ಲಿ ಬಂದಿತು. ನಮ್ಮಲ್ಲಿ ನಿದ್ದೆಗೆಂದು ಧಾರಾಳವಾಗಿ ಬರೆಯುವ ಅಲ್ಪ್ರಜೋಲಾಮ್, ಶುಗರ್‌ಗೆ ಹಿಂದಿನಿಂದ ನಡೆದುಬಂದ ಗ್ಲಿಬೆನ್‌ಕ್ಲಮೈಡ್ ಎರಡೂ ಅದರಲ್ಲಿವೆ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ನಾನು ಯಾವುದನ್ನೂ ನಿಲ್ಲಿಸುವುದಿಲ್ಲ, ನಿಲ್ಲಿಸುವ ಅಧಿಕಾರವೂ ನನಗಿಲ್ಲ. ಆದರೆ ವೈದ್ಯರ ಮುಂದೆ ಪ್ರಶ್ನೆಯಿಡಲು ಅದು ಆಧಾರವಾಗುತ್ತದೆ. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದ ಕಾಲು ಊದಿಕೊಂಡರೆ ಅದನ್ನು ಹೊಸ ರೋಗವೆಂದು ಭಾವಿಸಿ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸುವುದು, ಅದರಿಂದ ರಾತ್ರಿ ಮತ್ತೆ ಮತ್ತೆ ಎದ್ದು ಬಚ್ಚಲಿಗೆ ಹೋಗುವಾಗ ಅಜ್ಜಿ ಬೀಳುವುದು, ಹೀಗೆ ಒಂದು ಮಾತ್ರೆಯ ಬಾಲಕ್ಕೆ ಇನ್ನೊಂದು ಅಂಟಿಕೊಳ್ಳುವುದನ್ನು ಕಂಡಾಗ ನಾನು ಕೇಳುವ ಮೊದಲ ಪ್ರಶ್ನೆಯೆಂದರೆ, ಈ ತೊಂದರೆ ಶುರುವಾಗುವ ಮುಂಚೆ ಯಾವ ಔಷಧಿ ಹೊಸದಾಗಿ ಬಂದಿತ್ತು ಎಂಬುದು.

ಇನ್ಸುಲಿನ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಬಾಟಲಿಯಲ್ಲಿ ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುತ್ತದೆ. ಇನ್ಸುಲಿನ್ ಚುಚ್ಚುವ ಪೆನ್‌ಗೆ ಹಾಕುವ ಕಾರ್ಟ್ರಿಜ್‌ನಲ್ಲಿ 100. ಕೆಂಪು ಮುಚ್ಚಳದ ಸಿರಿಂಜ್ 40ರದು, ಕಿತ್ತಳೆ ಮುಚ್ಚಳದ್ದು 100ರದು. ಪೆನ್‌ನ ಸೂಜಿ ಮುಗಿದಿದೆ ಎಂದು ಯಾರಾದರೂ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ತಿರುಗುಮುರುಗಾಗಿ 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಸಿಗುವುದು ಕೇವಲ 8 ಯೂನಿಟ್. ಮೊದಲನೆಯದು ರಾತ್ರೋರಾತ್ರಿ ಪ್ರಾಣಕ್ಕೆ ಎರವಾಗಬಹುದು. ಒಂದು ಆಶ್ರಮದಲ್ಲಿ ಎರಡೂ ಬಗೆಯ ಸಿರಿಂಜ್‌ಗಳನ್ನು ಒಂದೇ ಡ್ರಾಯರ್‌ನಲ್ಲಿ ಇಡುವುದನ್ನು ನಾನು ಒಪ್ಪುವುದಿಲ್ಲ. ಆಯಾಸಗೊಂಡ ರಾತ್ರಿ ಪಾಳಿಯವರಿಗೆ 'ಎಚ್ಚರದಿಂದಿರಿ' ಎಂದು ಬುದ್ಧಿ ಹೇಳುವುದರಿಂದ ಈ ತಪ್ಪು ತಪ್ಪುವುದಿಲ್ಲ.

ಸಕ್ಕರೆ ಇಳಿಯುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವೂ ಉಂಟು. ಏಕಾದಶಿಯ ದಿನ ನಿಟ್ಟುಪವಾಸ ಮಾಡುವ ಹಿರಿಯರು ಅಡುಗೆಯವರಿಗೆ ಹೇಳಿರುತ್ತಾರೆ, ಸಿಸ್ಟರ್‌ಗೆ ಹೇಳಿರುವುದಿಲ್ಲ. ಸಕ್ಕರೆ ಇಳಿಸುವ ಬೆಳಗಿನ ಗ್ಲಿಮಿಪಿರೈಡ್ ಮಾತ್ರೆ ಎಂದಿನಂತೆ ಹೊಟ್ಟೆ ಸೇರುತ್ತದೆ. ಮಧ್ಯಾಹ್ನ ಅವರು ಬೆವರಿ, ತಡವರಿಸಿ ಮಾತನಾಡತೊಡಗಿದರೆ, 'ವಯಸ್ಸಾಯಿತು, ಅರಳುಮರಳು' ಎಂದು ಸುಮ್ಮನಾಗುವವರೇ ಹೆಚ್ಚು. ಗ್ಲೂಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಅವರು ನುಂಗುವ ಸ್ಥಿತಿಯಲ್ಲಿದ್ದಲ್ಲಿ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಟ್ಟು ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು; ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪಂಚಾಂಗದ ಉಪವಾಸದ ದಿನಗಳನ್ನು ಔಷಧಿ ಕೋಣೆಯ ಕ್ಯಾಲೆಂಡರಿನಲ್ಲಿ ಮುಂಚಿತವಾಗಿಯೇ ಗುರುತು ಮಾಡಿ, ಆ ದಿನ ಯಾವ ಮಾತ್ರೆ ಬಿಡಬೇಕೆಂದು ವೈದ್ಯರಿಂದ ಬರೆಸಿಟ್ಟುಕೊಳ್ಳುವ ಪದ್ಧತಿಯನ್ನು ನಾವು ಮಾಡಿಕೊಂಡಿದ್ದೇವೆ. ಉಪವಾಸವನ್ನು ನಿಲ್ಲಿಸಲು ಹೊರಟರೆ ಅವರು ಮುಚ್ಚಿಟ್ಟು ಮಾಡುತ್ತಾರೆ.

ನುಂಗಲಾಗದವರಿಗೆ ಮಾತ್ರೆಯನ್ನು ಕುಟ್ಟಿ ಸಾರನ್ನದಲ್ಲಿ ಕಲಸುವುದು ಎಲ್ಲೆಡೆ ನಡೆಯುತ್ತದೆ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಎಲ್, ಸಿಆರ್ ಎಂದಿರುವ ಮಾತ್ರೆಗಳು ಇಡೀ ದಿನ ನಿಧಾನವಾಗಿ ಕರಗುವಂಥವು. ಅವುಗಳನ್ನು ಪುಡಿ ಮಾಡಿದರೆ ದಿನದ ಪ್ರಮಾಣ ಒಮ್ಮೆಲೇ ರಕ್ತ ಸೇರುತ್ತದೆ. ಪ್ಯಾಂಟೊಪ್ರಜೋಲ್‌ನಂಥವುಗಳ ಹೊದಿಕೆ ಒಡೆದರೆ ಹೊಟ್ಟೆಯ ಆಮ್ಲದಲ್ಲಿ ಔಷಧಿಯೇ ಹಾಳಾಗುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ, ದಿನವೂ ಕೊಟ್ಟರೆ ಮಾರಕ. ಅದನ್ನು ದಿನದ ಡಬ್ಬಿಯೊಳಗೆ ಹಾಕದೆ, 'ಭಾನುವಾರ ಮಾತ್ರ' ಎಂದು ವಾರದ ಹೆಸರು ಬರೆದು ಬೇರೆಯಾಗಿ ಬೀಗ ಹಾಕಿಡಬೇಕು.

ಇಷ್ಟೆಲ್ಲದರ ನಂತರ ಕೊಟ್ಟದ್ದನ್ನು ಬರೆಯುವ ಹಾಳೆ. ಹಿರಿಯರು ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ಸಹಿ ಹಾಕಬೇಕು ಎಂಬುದು ನಿಯಮ. ಪಾಳಿ ಮುಗಿಯುವಾಗ ಸಾಲಾಗಿ ಸಹಿ ಹಾಕುವುದು ರೂಢಿ. ಮಕ್ಕಳು ಭೇಟಿಗೆ ಬಂದಾಗ ಆ ಹಾಳೆಯನ್ನು ತೋರಿಸಿ ಎಂದು ಕೇಳುವುದು ಒಳ್ಳೆಯದು. ಬುದ್ಧಿ ಚುರುಕಾಗಿರುವ ಯಾವ ಹಿರಿಯರೂ ತಿಂಗಳಿನುದ್ದಕ್ಕೂ ಪ್ರತಿ ಮಾತ್ರೆಯನ್ನೂ ತಕರಾರಿಲ್ಲದೆ ನುಂಗುವುದಿಲ್ಲ. ಒಂದು ದಿನ 'ಬೇಡಮ್ಮ, ಹೊಟ್ಟೆ ಉರಿಯುತ್ತೆ' ಎನ್ನುತ್ತಾರೆ, ಇನ್ನೊಂದು ದಿನ ಕೆನ್ನೆಯೊಳಗೆ ಇಟ್ಟುಕೊಂಡು ಆಮೇಲೆ ಉಗುಳುತ್ತಾರೆ. ಬೇಡವೆಂದದ್ದು, ಉಗುಳಿದ್ದು, ವಾಂತಿಯಾದದ್ದು ಕಾರಣಸಹಿತ ಬರೆದಿರುವ ಹಾಳೆಯನ್ನು ನಾನು ನಂಬುತ್ತೇನೆ. ತಿಂಗಳ ಮೂವತ್ತೂ ದಿನ ಒಂದೇ ಬಣ್ಣದ ಶಾಯಿಯಲ್ಲಿ ಎಲ್ಲ ಚೌಕಗಳಿಗೂ ಸಹಿ ಬಿದ್ದಿರುವ ಹಾಳೆ ಕಂಡರೆ, ಕಪಾಟಿನಲ್ಲಿ ಉಳಿದಿರುವ ಮಾತ್ರೆಗಳನ್ನು ಎಣಿಸಲು ಕೂರುತ್ತೇನೆ.