ಒಬ್ಬರ ಲೆಕ್ಕದಲ್ಲಿ ಇನ್ನೊಬ್ಬರು

2021ರ ಮಾರ್ಚ್‌ನಲ್ಲಿ ಒಂದು ದಿನ ಔಷಧಿ ಅಂಗಡಿಯ ಸಾಲಿನಲ್ಲಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದ ಯುವಕರೊಬ್ಬರು, ‘ನನಗೇನೂ ಆಗಲ್ಲ ಬಿಡಿ’ ಎಂದರು.

ಅವರ ವಯಸ್ಸಿಗೆ ಆ ಮಾತು ಬಹುಮಟ್ಟಿಗೆ ನಿಜವೇ ಇರಬಹುದು. ಆದರೆ ಕೊರೊನಾ ಸೋಂಕು ಜ್ವರ, ಕೆಮ್ಮು ಕಾಣಿಸಿಕೊಳ್ಳುವ ಮೊದಲೇ ಒಬ್ಬರಿಂದ ಇನ್ನೊಬ್ಬರಿಗೆ ಹರಡಬಲ್ಲದು. ಹೀಗಿರುವಾಗ ಅವರ ಹಿಂದೆಯೇ ಇನ್ಸುಲಿನ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ನಿಂತಿದ್ದ ಅಜ್ಜಿಯನ್ನು ಆ ಲೆಕ್ಕದಿಂದ ಹೊರಗಿಡುವುದು ಹೇಗೆ? 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟದ್ದು ನಮ್ಮ ಕಲಬುರಗಿಯಲ್ಲೇ, ತೀರಿಕೊಂಡವರಿಗೆ 76 ವರ್ಷವಾಗಿತ್ತು ಎಂಬುದನ್ನು ಒಂದೇ ವರ್ಷದಲ್ಲಿ ನಾವು ಮರೆತಿದ್ದೆವು.

ಎಲ್ಲ ಮುನ್ನೆಚ್ಚರಿಕೆಗಳ ಭಾರವೂ ಒಂದೇ ಅಲ್ಲ ಎಂಬುದನ್ನು ನಾನು ಬಲ್ಲೆ. ಲಾಕ್‌ಡೌನ್ ದಿನಗೂಲಿಯವರ ಅನ್ನವನ್ನೇ ಕಸಿಯಿತು, ಮಕ್ಕಳಿಂದ ಶಾಲೆಯನ್ನು ದೂರಮಾಡಿತು. ಅದನ್ನು ಮತ್ತೆ ಹೇರುವ ಮುನ್ನ ಸರ್ಕಾರ ನೂರು ಬಾರಿ ಯೋಚಿಸಲೇಬೇಕು. ಹಾಗೆ ಹೇರುವ ಪರಿಸ್ಥಿತಿ ಬಾರದಿರಲೆಂದೇ ಮಾಸ್ಕ್, ತೆರೆದ ಕಿಟಕಿ, ಲಸಿಕೆಯಂಥ ಹಗುರ ಕ್ರಮಗಳನ್ನು ಈಗ ಬಿಗಿಯಾಗಿ ಹಿಡಿಯೋಣ ಎನ್ನುತ್ತೇನೆ.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಆರಂಭವಾಯಿತು. ನಿಮ್ಮ ಬೀದಿಯಲ್ಲಿ ಕರೆದುಕೊಂಡು ಹೋಗುವವರಿಲ್ಲದ ಹಿರಿಯರಿದ್ದರೆ, ದಯವಿಟ್ಟು ಒಮ್ಮೆ ವಿಚಾರಿಸಿ.