ಹಳೇ ಆರ್‌ಸಿ ಬಗ್ಗಿ: ಆರ್ಮ್ ಮುಗೀತು, ಗಿಯರ್ ಇನ್ನೂ ಅರ್ಧ

ಎಂಬತ್ತರ ದಶಕದ, 1/10 ಅಳತೆಯ ಆರ್‌ಸಿ ಬಗ್ಗಿ, ಅಂದರೆ ರಿಮೋಟ್‌ನಿಂದ ಓಡಿಸುವ ಆಟಿಕೆ ಕಾರು, ನನ್ನದು. ಅದರ ಓರಗೆಯ ಟಮಿಯಾ ಹಾರ್ನೆಟ್ 1984ರಲ್ಲಿ ಬಂದು, 2004ರಲ್ಲಿ ಮತ್ತೆ ಮಾರುಕಟ್ಟೆಗೆ ಇಳಿಯಿತು. ಹಾಗಾಗಿ ಅದಕ್ಕೆ ಬಿಡಿಭಾಗ ಹುಡುಕಿದರೆ ಸಿಗುತ್ತದೆ. ನನ್ನದಕ್ಕೆ ಆ ಯೋಗವಿಲ್ಲ. ಮುಂದಿನ ಎಡಗಡೆಯ ಕೆಳ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳು) ಎರಡು ತುಂಡು, ದೊಡ್ಡ ಗಿಯರ್‌ನಲ್ಲಿ ಮೂರು ಹಲ್ಲು ಮಾಯ.

ಮೊದಲು ಆರ್ಮ್. ಸರಿ ಇದ್ದ ಬಲಗಡೆಯದನ್ನು ಕ್ಯಾಲಿಪರ್‌ನಿಂದ ಅಳೆದು, ಎಡಬಲ ತಿರುಗಿಸಿ ಕಂಪ್ಯೂಟರ್‌ನಲ್ಲಿ ಬರೆದುಕೊಂಡೆ. ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ, ಅದೂ ನೆಟ್ಟಗೆ ನಿಲ್ಲಿಸಿ, 3ಡಿ ಪ್ರಿಂಟ್ ಮಾಡಿದೆ. ಪದರಗಳು ಆರ್ಮ್‌ಗೆ ಅಡ್ಡಲಾಗಿ ಕೂತಿದ್ದವು. ಹಿಂಜ್ ಪಿನ್ ತೂರಿಸುವಾಗಲೇ ಲಟಕ್ ಅಂತು. ಓಡಿಸುವ ಮಾತೇ ಬರಲಿಲ್ಲ.

ಸಿಟ್ಟಿಗೆ ಬಿದ್ದು 3 ಮಿ.ಮೀ. ಅಲ್ಯೂಮಿನಿಯಂ ತಗಡು ಕತ್ತರಿಸಿದೆ. ಎರಡು ಸಂಜೆ ಅರ ಹಾಕಿ, ಉಪ್ಪು ಕಾಗದ ತಿಕ್ಕಿ ಹೊಳಪು ಬರಿಸಿದ್ದೆ. ನೋಡಲು ಬಲು ಚೆಂದ. ಗೋಡೆಗೆ ಒಂದೇ ಸಲ ಗುದ್ದಿತು. ಆರ್ಮ್‌ಗೆ ಗೀರೂ ಇಲ್ಲ, ಅದು ಕೂರುವ ಷಾಸಿಯ (ಗಾಡಿಯ ಅಡಿಚೌಕಟ್ಟಿನ) ಕಿವಿಯೇ ಬಿರುಕು ಬಿಟ್ಟಿತ್ತು! ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಗುದ್ದಿನ ಪೆಟ್ಟನ್ನು ಬಾಗಿಯೋ ಮುರಿದೋ ತಿನ್ನುವುದು ಆರ್ಮ್‌ನ ಕೆಲಸ. ಅದು ತಿನ್ನದಿದ್ದರೆ ಪೆಟ್ಟು ಮುಂದಕ್ಕೆ ಹೋಗುತ್ತದೆ, ಮತ್ತೆ ಮಾಡಲಾಗದ ಭಾಗಕ್ಕೆ.

ಕಿವಿ ಉಳಿಸಿದ್ದು ಅಸಿಟೋನ್. ಷಾಸಿಯ ಒಳಮೂಲೆಗೆ ಒಂದು ಹನಿ ಹಾಕಿ ಮುಟ್ಟಿದೆ, ಅಂಟಂಟು ಆಯಿತು. ಎಬಿಎಸ್ ಪ್ಲಾಸ್ಟಿಕ್ ಇರಬೇಕು ಅಂದುಕೊಂಡೆ. ನೈಲಾನ್ ಆಗಿದ್ದರೆ ಜಪ್ಪಯ್ಯ ಅಂದರೂ ಕರಗುತ್ತಿರಲಿಲ್ಲ. ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ನೆನೆಹಾಕಿ, ದೋಸೆ ಹಿಟ್ಟಿನ ಹದಕ್ಕೆ ಬಂದಮೇಲೆ ಬಿರುಕಿಗೆ ತುಂಬಿ, ಎರಡು ದಿನ ಹಾಗೇ ಬಿಟ್ಟೆ. ಕಿಟಕಿ ತೆರೆದಿಟ್ಟುಕೊಂಡೇ ಮಾಡಿದ್ದು, ಆದರೂ ತಲೆ ಗಿಮ್ಮೆಂದಿತು.

ಈಗ ಇರುವುದು ನೈಲಾನ್ ಆರ್ಮ್, ಈ ಸಲ ಮಲಗಿಸಿ ಪ್ರಿಂಟ್ ಮಾಡಿದ್ದು. 3 ಮಿ.ಮೀ. ಎಂದು ಬರೆದ ತೂತು 2.8 ಬಂತು, ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ಹಿಗ್ಗಿಸಿದೆ. ಪ್ರಿಂಟ್ ಮಾಡುವ ಮುಂಚೆ ನೈಲಾನ್ ಎಳೆಯನ್ನು ಚೆನ್ನಾಗಿ ಒಣಗಿಸಬೇಕು, ಇಲ್ಲದಿದ್ದರೆ ಒಳಗಿನ ತೇವ ಆವಿಯಾಗಿ ಚಟಪಟ ಸಿಡಿಯುತ್ತದೆ. ಆಮೇಲೆ ನೋಡಿದರೆ, ಸಿದ್ಧವಾದ ಆರ್ಮನ್ನು ಅದೇ ನೀರಲ್ಲಿ ನೆನೆಸಬೇಕು. ಆಗಲೇ ಅದಕ್ಕೆ ಬಾಗುವ ಗುಣ ಬರುವುದು. ಅದೇ ಗೋಡೆಗೆ ನಾಲ್ಕು ಸಲ ಗುದ್ದಿಸಿದೆ. ಬಾಗಿತು, ವಾಪಸ್ ಬಂತು.

ಗಿಯರ್ ವಿಷಯ ಅಷ್ಟು ಸುಲಭವಿಲ್ಲ. ಇರಬೇಕಾದ ಹಲ್ಲು 42, ಹೊರ ಅಳತೆ 35.2 ಮಿ.ಮೀ. ಹಲ್ಲಿನ ಲೆಕ್ಕಕ್ಕೆ ಎರಡು ಕೂಡಿಸಿ, ಅದರಿಂದ ಹೊರ ಅಳತೆಯನ್ನು ಭಾಗಿಸಿದರೆ 0.8, ಅಂದರೆ 0.8 ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳುವ ಅಳತೆ). ಹಲ್ಲಿನ ನಡುಮಧ್ಯದ ದಪ್ಪ ಬರೀ 1.26 ಮಿ.ಮೀ. ನನ್ನ ಪ್ರಿಂಟರ್‌ನ ಪ್ಲಾಸ್ಟಿಕ್ ಸುರಿಸುವ 0.4 ಮಿ.ಮೀ. ನಾಜಲ್‌ಗೆ ಅದು ಮೂರೇ ಗೆರೆ. ಪ್ರಿಂಟ್ ಮಾಡುವ ಆಸೆ ಅಲ್ಲಿಗೇ ಬಿಟ್ಟೆ.

ಬದಲಿಗೆ ಅಚ್ಚು. ಗಿಯರ್‌ನ ಒಳ್ಳೆ ಹಲ್ಲುಗಳ ಮೇಲೆ ಸಿಲಿಕೋನ್ ಪುಟ್ಟಿ ಒತ್ತಿ ಪಡಿಯಚ್ಚು ತೆಗೆದೆ. ಅದನ್ನೇ ಮುರಿದ ಜಾಗಕ್ಕೆ ಸರಿಯಾಗಿ ಕೂರಿಸಿ, ಎಪಾಕ್ಸಿ ತುಂಬಿ ಮೂರು ಹಲ್ಲು ಕಟ್ಟಿದೆ. ಹೀಗೆ ಪೂರ್ತಿಯಾದ ಗಿಯರ್ ಇಟ್ಟು ದೊಡ್ಡ ಅಚ್ಚು ಮಾಡಿ, ಪಾಲಿಯುರೆಥೇನ್ ರೆಸಿನ್ ಸುರಿದೆ. ಮೊದಲನೆಯದರಲ್ಲಿ ಹನ್ನೊಂದು ಹಲ್ಲಿನ ತುದಿಯಲ್ಲಿ ಗುಳ್ಳೆ. ಎರಡನೆಯದಕ್ಕೆ ಮೊದಲು ಕಡ್ಡಿಯ ತುದಿಯಿಂದ ಪ್ರತಿ ಹಲ್ಲಿನ ಕುಳಿಗೂ ರೆಸಿನ್ ಸವರಿ, ಆಮೇಲೆ ತೆಳುಧಾರೆಯಾಗಿ ಸುರಿದೆ. ಗುಳ್ಳೆ ಎರಡಕ್ಕಿಳಿಯಿತು.

ಆ ಎರಡನೆಯದನ್ನು ಕೂರಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಟಕ್ ಅನ್ನುತ್ತಿದೆ. ಗುಳ್ಳೆಯ ಹಲ್ಲುಗಳಿಗೆ ಬಣ್ಣ ಹಚ್ಚಿ ನೋಡಿದರೆ ಸದ್ದು ಅಲ್ಲಿಂದಲ್ಲ, ನಾನು ಕಟ್ಟಿದ ಮೂರು ಹಲ್ಲುಗಳ ಕಡೆಯಿಂದ. ಪಡಿಯಚ್ಚು ಕೂದಲೆಳೆಯಷ್ಟು ಜರುಗಿರಬೇಕು. ಭಾನುವಾರ ಆ ಹಲ್ಲುಗಳನ್ನು ಕೆರೆದು ಮತ್ತೆ ಕಟ್ಟುತ್ತೇನೆ.