ಆದೇಶದಲ್ಲಿ ಬರೆದಿದೆಯಾ?

ಚಿಕ್ಕಪ್ಪನ ಹೆಸರು ಪಹಣಿಯಲ್ಲಿ ಜಮೀನಿನ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ಇಲ್ಲ ಎಂದು ನಮಗೆ ಗೊತ್ತಾದದ್ದು ಬೆಳೆ ಸಾಲಕ್ಕೆ ಓಡಾಡುವಾಗ. ದಾಯಾದಿಗಳು ಕೊಟ್ಟ ಅರ್ಜಿಯ ಮೇಲೆ, ಇವರಿಗೆ ನೋಟಿಸೇ ಇಲ್ಲದೆ ಖಾತೆ ಬದಲಾಗಿತ್ತು. ಭೂಕಂದಾಯ ಕಾಯ್ದೆಯ 136ನೇ ಕಲಂ ಪ್ರಕಾರ ಮೇಲ್ಮನವಿ, ರಿವಿಜನ್ (ಮೇಲಧಿಕಾರಿಯ ಮರುಪರಿಶೀಲನೆ) ಎರಡೂ ಮುಗಿದವು. ಕೈಗೆ ಬಂದ ಆದೇಶದಲ್ಲಿ ನಮ್ಮ ವಾದಕ್ಕೆ ಉತ್ತರವೆಂದು ಇದ್ದದ್ದು ಇಷ್ಟೇ: ‘ದಾಖಲೆ ಪರಿಶೀಲಿಸಲಾಗಿದೆ, ವಜಾ.’ ಸೋತದ್ದಕ್ಕಿಂತ ಆ ಸಾಲು ಚಿಕ್ಕಪ್ಪನನ್ನು ಹೆಚ್ಚು ಸುಟ್ಟಿತು.

ಉಳಿದದ್ದು ಸಂವಿಧಾನದ 226 ಮತ್ತು 227ನೇ ವಿಧಿಗಳಡಿ ರಿಟ್ ಅರ್ಜಿ, ಅಂದರೆ ಅಧಿಕಾರಿಯ ಆದೇಶವನ್ನು ನೇರ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ. ವಿಚಾರಣೆಯ ದಿನ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಹೈಕೋರ್ಟಿಗೆ ಹೋದೆವು. ನಮ್ಮ ಕೇಸು ಕರೆದದ್ದು ಊಟದ ಹೊತ್ತು ಕಳೆದ ಮೇಲೆ.

ಸರ್ಕಾರಿ ವಕೀಲರು ಎದ್ದು, ಹಳೆಯ ಪಾಲುಪಟ್ಟಿ ನೋಂದಣಿ ಆಗಿಲ್ಲ, ಹಾಗಾಗಿ ಅಧಿಕಾರಿ ಮಾಡಿದ್ದು ಸರಿ ಎಂದರು. ನ್ಯಾಯಮೂರ್ತಿಗಳು ಹಾಳೆ ತಿರುವಿ ಕೇಳಿದರು: “ಇದು ಆದೇಶದಲ್ಲಿ ಎಲ್ಲಿ ಬರೆದಿದೆ?” ಎಲ್ಲೂ ಇರಲಿಲ್ಲ. ಆದೇಶದಲ್ಲಿಲ್ಲದ ಕಾರಣವನ್ನು ಆಮೇಲೆ ಕೋರ್ಟಿನಲ್ಲಿ ತಂದು ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ, ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ನಮ್ಮ ವಕೀಲರು ಅದನ್ನೇ ಎತ್ತಿ ತೋರಿಸಿದರು. ಆದೇಶ ರದ್ದಾಯಿತು, ಎರಡೂ ಕಡೆಯವರಿಗೆ ನೋಟಿಸ್ ಕೊಟ್ಟು, ಕೇಳಿ, ಕಾರಣ ಬರೆದು ಹೊಸದಾಗಿ ತೀರ್ಮಾನಿಸಿ ಎಂದು ಕಡತ ವಾಪಸ್ ಹೋಯಿತು.

“ಜಮೀನು ನಮ್ಮದು ಅಂತ ಹೇಳ್ಲೇ ಇಲ್ವಲ್ಲ ಸಾರ್?” ಹೊರಗೆ ಬಂದ ಕೂಡಲೇ ಚಿಕ್ಕಪ್ಪ ನಮ್ಮ ವಕೀಲರನ್ನು ಕೇಳಿದರು.

“ಯಜಮಾನ್ರೇ, ಹಕ್ಕು ಯಾರದ್ದು ಅನ್ನೋದು ಸಿವಿಲ್ ಕೋರ್ಟಿನ ಕೆಲಸ. ಅಧಿಕಾರಿ ಹೇಗೆ ತೀರ್ಮಾನ ಮಾಡಿದ್ರು ಅನ್ನೋದನ್ನ ಇಲ್ಲಿ ನೋಡ್ತಾರೆ.”

ಇದು ಅರ್ಧ ಗೆಲುವು ಎಂದು ಊರಲ್ಲಿ ಕೆಲವರು ಅಂದರು. ನಾನು ಒಪ್ಪುವುದಿಲ್ಲ. ಕಾರಣ ಬರೆದರೆ ಅದನ್ನು ಪ್ರಶ್ನಿಸಬಹುದು, ತಪ್ಪೆಂದು ತೋರಿಸಬಹುದು. ಬರೀ ‘ವಜಾ’ ಎಂಬುದರ ಎದುರು ರೈತ ಏನೆಂದು ವಾದ ಮಾಡಬೇಕು? ಹೈಕೋರ್ಟಿನ ತನಕ ಬರಲು ಕೈಯಲ್ಲಿ ಕಾಸಿಲ್ಲದವರ ಕಡತಗಳಲ್ಲೂ ಅದೇ ಒಂದು ಸಾಲು ಕೂತಿರುತ್ತದಲ್ಲ, ನನಗೆ ಆ ಸಂಕಟ ಇನ್ನೂ ಇದೆ.

ಮರುವಿಚಾರಣೆಗೆ ನೋಟಿಸ್ ಬಂದಿದೆ. ಚಿಕ್ಕಪ್ಪ ಕಂದಾಯ ರಸೀದಿ, ಪಾಲುಪಟ್ಟಿ, ಹಳೆಯ ಪಹಣಿಗಳನ್ನು ಜೋಡಿಸಿಟ್ಟಿದ್ದಾರೆ. ಲಿಖಿತ ಹೇಳಿಕೆ ನಾನು ಬರೆಯುತ್ತಿದ್ದೇನೆ. ಅದನ್ನು ಸಲ್ಲಿಸಿದ ಕೂಡಲೇ ಸೀಲು ಹಾಕಿದ ಸ್ವೀಕೃತಿ ಕೇಳಿ ಪಡೆಯಬೇಕು ಎಂದು ವಕೀಲರು ಹೇಳಿದ್ದಾರೆ.